ಹುಟ್ಟಿದ ಊರು ಮಂಗಳೂರು

ಪೆರ್ಲ, ಕಾಸರಗೋಡು ಜಿಲ್ಲೆ

ಪ್ರೀತಿಯ ಮಗಳೇ,

ಕಳೆದ ಭಾನುವಾರ ನಾವು ಫೋನಿನಲ್ಲಿ ಮಾತಾಡುತ್ತಿದ್ದಾಗ ನಿನ್ನ ಮನೆಗೆ ಬಂದವರು ಯಾರೋ ನಿನ್ನ ಊರು ಯಾವುದೆಂದು ಕೇಳಿದ್ದೂ, ನೀನು ಥಟ್ಟನೆ "ಮಂಗಳೂರು" ಎಂದದ್ದೂ ನನಗೆ ಕೇಳಿಸಿತು. ಆಗ ಏನೂ ಹೇಳಲಿಲ್ಲ. ರಾತ್ರಿ ಮಾತ್ರ ನಿದ್ದೆ ಹತ್ತಲಿಲ್ಲ. ಕಾಸರಗೋಡು ಎಂದ ಕೂಡಲೇ "ಓ, ಕೇರಳವಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎನ್ನುತ್ತಾರೆ, ಪ್ರತಿ ಸಲವೂ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕತೆ ಶುರುಮಾಡಬೇಕಾಗುತ್ತದೆ ಎಂದು ನೀನು ಹಿಂದೊಮ್ಮೆ ಬೇಸರಪಟ್ಟದ್ದು ನನಗೆ ನೆನಪಿದೆ.

ಯೋಚಿಸುತ್ತ ಹೋದರೆ, ನಿನಗೆ ಮಂಗಳೂರನ್ನು ಊರಾಗಿ ಕೊಟ್ಟವಳು ನಾನೇ. ಆಟಿಯ ಮಳೆಯಲ್ಲಿ, ಹೊಟ್ಟೆನೋವು ಶುರುವಾದ ಮೇಲೆ, ನೆರೆಮನೆಯವರ ಜೀಪಿನಲ್ಲಿ ಸಾರಡ್ಕ, ವಿಟ್ಲ, ಕಲ್ಲಡ್ಕ ದಾಟಿ ಮಂಗಳೂರಿಗೆ ಹೋದವಳು ನಾನು. ಹೊಂಡ ಬಂದಾಗಲೆಲ್ಲ ನಿನ್ನ ಅಜ್ಜಿ ನನ್ನ ಸೊಂಟಕ್ಕೆ ಎರಡೂ ಕೈ ಕೊಟ್ಟು ಹಿಡಿದಿದ್ದರು. ಹತ್ತಿರದಲ್ಲಿ ನಂಬುವಂಥ ಆಸ್ಪತ್ರೆ ಇರಲಿಲ್ಲ. ಹಾಗಾಗಿ ನಿನ್ನ ಜನನ ಪತ್ರದಲ್ಲಿ ಮಂಗಳೂರು ಎಂದಿದೆ. ಆಮೇಲೆ ನಿನ್ನ ಕನ್ನಡಕ, ಹಲ್ಲಿನ ಕ್ಲಿಪ್ಪು, ಕಾಲೇಜು, ಹಬ್ಬದ ಬಟ್ಟೆ ಎಲ್ಲವೂ ಅಲ್ಲಿಯದೇ ಆಯಿತು. ನಮ್ಮ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗಲೂ ನಮ್ಮ ಜಿಲ್ಲೆಗೆ ಮಂಗಳೂರೇ ದೊಡ್ಡಾಸ್ಪತ್ರೆಯಾಗಿತ್ತು. ತಲಪಾಡಿಯ ಗಡಿಯಿಂದ ಹಿಂದಿರುಗಿದ ಆಂಬ್ಯುಲೆನ್ಸುಗಳಲ್ಲಿ ಕೆಲವರು ಉಳಿಯಲಿಲ್ಲ. ಆ ದಿನಗಳಲ್ಲಿ ನಾನು ಮಲಗುವಾಗ ಜೀಪಿನ ಆ ರಾತ್ರಿಯೇ ಕಣ್ಣ ಮುಂದೆ ಬರುತ್ತಿತ್ತು. ನಮ್ಮ ಭಾಷೆಯ ರಾಜ್ಯವೇ ನಮಗೆ ಬಾಗಿಲು ಹಾಕಿತು ಎಂಬುದನ್ನು ಇಂದಿಗೂ ಪೂರ್ತಿಯಾಗಿ ನುಂಗಲು ನನ್ನಿಂದಾಗಿಲ್ಲ.

ಹಾಗೆಂದು ಕೇರಳವನ್ನು ಬರೀ ಬೈದರೆ ಅದು ಅನ್ಯಾಯವಾಗುತ್ತದೆ. ಕಚೇರಿಯಲ್ಲಿ ಮಲಯಾಳದ ಅರ್ಜಿ ಹಿಡಿದು, ಕನ್ನಡ ಕಲಿಸಿದ ಟೀಚರಾದ ನಾನು ಅನಕ್ಷರಸ್ಥೆಯಂತೆ ನಿಂತದ್ದು ಒಂದೆರಡು ಸಲವಲ್ಲ. ಆದರೆ ಅಜ್ಜಿ ಹಾಸಿಗೆ ಹಿಡಿದ ಎರಡು ವರ್ಷ ಪಂಚಾಯತಿನ ಪಾಲಿಯೇಟಿವ್ ನರ್ಸ್ ಗುಡ್ಡ ಹತ್ತಿ ಮನೆಗೇ ಬಂದು ಬೆನ್ನಿನ ಹುಣ್ಣು ತೊಳೆದು ಹೋಗುತ್ತಿದ್ದಳು. ಆಕೆಗೆ ಕನ್ನಡ ಬಾರದು, ಅಜ್ಜಿಗೆ ಮಲಯಾಳ ಬಾರದು, ಇಬ್ಬರೂ ಹರಕು ಮುರುಕು ತುಳುವಿನಲ್ಲಿ ಗಂಟೆಗಟ್ಟಲೆ ಸೊಸೆಯಂದಿರ ದೂರು ಹೇಳಿಕೊಳ್ಳುತ್ತಿದ್ದರು (ನನ್ನದೂ ಸೇರಿತ್ತು, ಅನುಮಾನ ಬೇಡ). ಇನ್ನು ನಮ್ಮವರ ವಿಷಯ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಪ್ರತಿ ನವೆಂಬರ್ ಒಂದಕ್ಕೆ ಭಾಷಣದಲ್ಲಿ ನೆನೆಯುತ್ತೇವೆ, ಮರುದಿನ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನಿಗೆ ಹತ್ತಿಸುತ್ತೇವೆ. ನಾನೂ ಹತ್ತಿಸಿದೆ. ನನ್ನ ಶಾಲೆಯ ಒಂದನೇ ತರಗತಿಯಲ್ಲಿ ಆ ವರ್ಷ ಏಳು ಮಕ್ಕಳಿದ್ದರು, ಎಂಟನೆಯವಳು ನೀನಾಗಬಹುದಿತ್ತು.

ಹೇಳಲೇಬೇಕಾದ ಮಾತೊಂದು ಉಳಿದಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 1970ರ ದಶಕದ ಕೊನೆಯಿಂದ 2000ದವರೆಗೂ ನಡೆಯಿತು. ಶಾಲೆಯಂಗಳದಲ್ಲಿ ನಾವು ಮಕ್ಕಳು ಹೆಲಿಕಾಪ್ಟರಿಗೆ ಕೈ ಬೀಸುತ್ತಿದ್ದೆವು. ಬಾವಿಗೆ ತೆಂಗಿನ ಮಡಲು ಮುಚ್ಚಿ ಎನ್ನುತ್ತಿದ್ದರು, ಮುಚ್ಚುತ್ತಿದ್ದೆವು. ಆದರೆ ಗುಡ್ಡದ ಜಂಬಿಟ್ಟಿಗೆಯನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗದಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಬರುವ ನೀರಿಗೆ ಯಾವ ಮಡಲು ಮುಚ್ಚುವುದು? ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಆಮೇಲೆ ಹುಟ್ಟಿದ ಮಕ್ಕಳನ್ನು ನೀನೂ ನೋಡಿದ್ದೀಯೆ. ಕಳೆದ ವರ್ಷ ನಿನಗೆ ಸಂಬಂಧ ನೋಡಲು ಶಿವಮೊಗ್ಗದ ಕಡೆಯವರು ಬಂದಿದ್ದರಲ್ಲ, ಆ ಹೆಂಗಸು ಒಳಗೆ ಬಂದು ಮೆಲ್ಲನೆ, "ನೀವು ಆ ಸ್ಪ್ರೇ ಹೊಡೆದ ಕಡೆಯವರಾ?" ಎಂದು ಕೇಳಿದರು. "ಇಲ್ಲಪ್ಪ, ಅದು ಸ್ವರ್ಗದ ಕಡೆ. ಸ್ವರ್ಗ ನಮಗೆ ತುಂಬ ದೂರ" ಎಂದೆ. ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲದ ದಾರಿ ಅದು. ನನ್ನ ಚಿಕ್ಕಮ್ಮನ ಮನೆ ಅಲ್ಲೇ ಇದೆ, ಅವಳ ಮಗ ಮೂವತ್ತು ದಾಟಿದರೂ ಇನ್ನೂ ಚಾಪೆಯಲ್ಲೇ ಮಲಗಿದ್ದಾನೆ. ನೀನು ಊರನ್ನು ಐವತ್ತು ಕಿಲೋಮೀಟರ್ ಆಚೆ ಸರಿಸಿದ್ದಕ್ಕೆ ನಾನು ನಿದ್ದೆಗೆಟ್ಟೆ. ನನ್ನ ಸ್ವಂತ ಬಂಧುಗಳನ್ನು ಒಂದೇ ಮಾತಿನಲ್ಲಿ ಅದಕ್ಕಿಂತ ದೂರ ಕಳಿಸಿದ ರಾತ್ರಿ ಚೆನ್ನಾಗಿಯೇ ನಿದ್ದೆ ಬಂದಿತ್ತು.

ಆ ಸಂಬಂಧ ಕೂಡಿಬರಲಿಲ್ಲ, ಇರಲಿ. ವಿಷುವಿಗೆ ಬಂದಾಗ ನಾವಿಬ್ಬರೂ ಚಿಕ್ಕಮ್ಮನ ಮನೆಗೆ ಹೋಗೋಣ. ಅವನಿಗೆ ನಿನ್ನ ಹಾಡೆಂದರೆ ಇಷ್ಟವೆಂದು ಅವಳು ಈಗಲೂ ಹೇಳುತ್ತಾಳೆ. ಈ ಸಲ ಸುರಂಗದ ಬಾಯಿಗೆ ಮಣ್ಣು ಜರಿದಿದ್ದನ್ನು ಅಪ್ಪ ನಿನ್ನೆ ತೆಗೆಸಿದ್ದಾರೆ, ಸಂಜೆಗೆ ನೀರು ತಿಳಿಯಾಗಿ ಬರತೊಡಗಿತು.

ನಿನ್ನ
ಅಮ್ಮ