ಒಂದು ‘ರೆ’ಯ ಜಗಳ

ಮಾನ್ಯರೇ,

ನಿಮ್ಮ ಪುರವಣಿಯ ತರ್ಕದ ಲೇಖನ ಓದಿದೆ. ‘ಇದ್ದರೆ’ ಎಂಬಂಥ ‘ರೆ’ಯ ಮಾತಿನಲ್ಲಿ ಮೊದಲ ಭಾಗ ಸುಳ್ಳಾಗಿದ್ದರೆ ಅಥವಾ ಕೊನೆಯ ಭಾಗ ನಿಜವಾಗಿದ್ದರೆ ಇಡೀ ಮಾತು ಸತ್ಯ ಎಂಬುದು ತರ್ಕಶಾಸ್ತ್ರದ ರೂಢಿಯ ನಿಯಮ. ‘ಮೊಲಕ್ಕೆ ಕೊಂಬಿದ್ದರೆ ಎರಡೂ ಎರಡೂ ನಾಲ್ಕು’ ಎಂಬ ಮಾತು ಸತ್ಯವೆಂದು 30 ವರ್ಷ ನಾನೂ ಪಾಠ ಮಾಡಿದೆ. ಮಕ್ಕಳು ನಗುತ್ತಿದ್ದರು. ನಾನು ಸುಮ್ನೆ ಸತ್ಯ-ಸುಳ್ಳಿನ ಕೋಷ್ಟಕ ತೋರಿಸಿ ಮುಂದೆ ಹೋಗುತ್ತಿದ್ದೆ. ನಕ್ಕವರ ಕಡೆಗೂ ವಾದವಿದೆ ಎಂದು ತಿಳಿದದ್ದು ನಿವೃತ್ತಿಯ ನಂತರ.

ಅಮೆರಿಕದ ತರ್ಕಶಾಸ್ತ್ರಜ್ಞ ಸಿ.ಐ. ಲೂಯಿಸ್ 1912ರಲ್ಲೇ ಈ ನಿಯಮಕ್ಕೆ ತಕರಾರು ತೆಗೆದಿದ್ದರು. ಆಮೇಲೆ ಬಂದ ಆಂಡರ್‌ಸನ್, ಬೆಲ್ನಾಪ್ ಅವರ ರೆಲೆವೆನ್ಸ್ ಲಾಜಿಕ್‌ (ಸಂಬಂಧವನ್ನು ಕೇಳುವ ತರ್ಕ) ಎಂಬುದರಲ್ಲಿ ‘ರೆ’ಯ ಹಿಂದುಮುಂದಿನ ಮಾತುಗಳಿಗೆ ನಂಟು ಇರಲೇಬೇಕು. ಈ ‘ರೆ’ಯ ನಂಟಿಗೆ ಇಂಗ್ಲಿಷಿನಲ್ಲಿರುವ ‘ಇಂಪ್ಲಿಕೇಶನ್’ ಪದದ ಲ್ಯಾಟಿನ್ ಬೇರಿಗೂ ‘ಒಳಗೆ ಮಡಿಸು’ ಎಂಬ ಅರ್ಥವಿದೆ. ಮಡಿಕೆಯಲ್ಲಿ ಇಲ್ಲದ್ದು ಬಿಚ್ಚಿದಾಗ ಹೇಗೆ ಬಂದೀತು, ಅಲ್ವಾ?

ಜಗಳವೇನೂ ಹೊಸದಲ್ಲ. ಯಾವ ‘ರೆ’ಯ ಮಾತು ನಿಜ ಎಂದು ಮಾಡಿನ ಮೇಲಿನ ಕಾಗೆಗಳೂ ಕೂಗುತ್ತಿವೆ ಎಂದು ಪ್ರಾಚೀನ ಗ್ರೀಕ್ ಕವಿ ಕಲ್ಲಿಮಾಕಸ್ ಆಗಲೇ ಗೇಲಿ ಮಾಡಿದ್ದ! ಲೇಖಕರು ಮುಂದಿನ ಕಂತಿನಲ್ಲಿ ಈ ತಕರಾರಿಗೂ ನಾಲ್ಕು ಸಾಲು ಕೊಡಲಿ.

– ನಿವೃತ್ತ ಗಣಿತ ಶಿಕ್ಷಕ