ಫ್ಯಾಟಿ ಲಿವರ್: ಕೊಬ್ಬಿನ ಮಾತಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಫ್ಯಾಟಿ ಲಿವರ್ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಏನು ತಿನ್ನಬೇಕು, ಏನು ಬಿಡಬೇಕು ಎಂಬುದೆಲ್ಲ ಚೆನ್ನಾಗಿದೆ. ಆದರೆ ರೋಗನಿರೋಧಕ ವ್ಯವಸ್ಥೆಯ ಬಗ್ಗೆ ಒಂದು ಸಾಲೂ ಇಲ್ಲ. ಕೊಬ್ಬು ತುಂಬಿದ ಲಿವರ್ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಅದು ಜೋರಾಗಿ ಕೆಡುವುದು ಉರಿಯೂತ ಶುರುವಾದ ಮೇಲೆ.

ಲಿವರ್‌ಗೆ ಹೋಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾದ ಚೂರುಗಳೂ ಬರುತ್ತವೆ. ಅವನ್ನು ನುಂಗಿ ಹಾಕಲು ಲಿವರ್‌ನೊಳಗೇ ಕುಪ್ಫರ್ ಕೋಶಗಳಿವೆ. ಸಕ್ಕರೆ, ಕೊಬ್ಬು ಬಹುಕಾಲ ಜಾಸ್ತಿಯಾದರೆ ಲಿವರ್ ಕೋಶಗಳು ಊದಿಕೊಂಡು ಸಾಯತೊಡಗುತ್ತವೆ. ಕರುಳಿನ ಒಳಪದರವೂ ಸಡಿಲಗೊಂಡು ಇನ್ನಷ್ಟು ಚೂರುಗಳು ನುಸುಳುತ್ತವೆ. ಆಗ ಕುಪ್ಫರ್ ಕೋಶಗಳು ಸೋಂಕು ತಗುಲಿದಂತೆಯೇ ವರ್ತಿಸುತ್ತವೆ. ಟಿಎನ್‌ಎಫ್‌ನಂಥ ಉರಿಯೂತದ ರಾಸಾಯನಿಕ ಹೊರಬಿಡುತ್ತವೆ, ರಕ್ತದಿಂದ ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ ಟಿ ಕೋಶಗಳಲ್ಲಿ ಕೆಲವಂತೂ ಲಿವರ್ ಕೋಶಗಳನ್ನೇ ಕೊಲ್ಲತೊಡಗುತ್ತವೆ ಎಂಬುದು 2021ರ ಸಂಶೋಧನೆಯಲ್ಲಿ ಗೊತ್ತಾಗಿದೆ. ಸೋಂಕಾದರೆ ಎಂದಾದರೂ ಒಂದು ದಿನ ಮುಗಿಯುತ್ತದೆ. ಇಲ್ಲಿ ಊಟದ ರೀತಿ ಬದಲಾಗದೆ ಉರಿಯೂತ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಲಿವರ್‌ನಲ್ಲೇ ಇರುವ ಸ್ಟೆಲೇಟ್ ಎಂಬ ಕೋಶಗಳು ಗಾಯದ ಕಲೆಯಂತೆ ಕೊಲಾಜನ್ ನಾರು ಕಟ್ಟುತ್ತಾ ಹೋಗಿ ಲಿವರ್ ಗಟ್ಟಿಯಾಗುತ್ತದೆ.

ಇದು ಗೊತ್ತಿಲ್ಲದೆ ಸ್ಕ್ಯಾನಿಂಗ್ ವರದಿ ನೋಡಿ, 'ಗ್ರೇಡ್ 1 ಅಷ್ಟೇ, ಎಲ್ಲರಿಗೂ ಇರುತ್ತೆ ಬಿಡಿ' ಎನ್ನುವವರೇ ಜಾಸ್ತಿ. ಆ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಎಂದು ಮಾತ್ರ. ಉರಿಯೂತ, ನಾರು ಎಷ್ಟಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ವಯಸ್ಸು, ಎಎಸ್‌ಟಿ ಮತ್ತು ಎಎಲ್‌ಟಿ ಎಂಬ ಎರಡು ಕಿಣ್ವಗಳ ಮಟ್ಟ, ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕರಿಂದ ಫಿಬ್-4 ಎಂಬ ಅಂಕ ಲೆಕ್ಕ ಹಾಕಿದರೆ ನಾರಿನ ಅಪಾಯದ ಅಂದಾಜು ಸಿಗುತ್ತದೆ. ಸಾಮಾನ್ಯ ರಕ್ತಪರೀಕ್ಷೆ ಸಾಕು. ವೈದ್ಯರನ್ನು ಕೇಳಿ ಎಂದು ಲೇಖನ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಮೈತೂಕ ಹೆಚ್ಚಿರುವವರು ಅದರಲ್ಲಿ ಶೇ 7ರಿಂದ 10ರಷ್ಟು ಇಳಿಸಿದರೆ ಬಹಳಷ್ಟು ಜನರಲ್ಲಿ ಉರಿಯೂತವೂ ಇಳಿಯುತ್ತದೆ ಎಂಬುದನ್ನೂ ಹೇಳಬೇಕಿತ್ತು.

ಇನ್ನೊಂದು ಮಾತು. ಲಿವರ್ ಸರಿಯಾಗಲಿ ಎಂದು 'ಇಮ್ಯುನಿಟಿ ಹೆಚ್ಚಿಸುವ' ಪುಡಿ, ಕ್ಯಾಪ್ಸೂಲ್ ನುಂಗುವವರಿದ್ದಾರೆ. ಇಲ್ಲಿ ತೊಂದರೆ ಇಮ್ಯುನಿಟಿ ಕಡಿಮೆಯಾದದ್ದಲ್ಲ, ಅದು ತಣ್ಣಗಾಗದೆ ಇರುವುದು. ಹಸಿರು ಚಹಾದ ಸಾರ ತುಂಬಿದ ಕ್ಯಾಪ್ಸೂಲ್‌ನಿಂದ ಲಿವರ್‌ಗೇ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಲಿವರ್ ತಜ್ಞರಿಂದಲೇ ಈ ಬಗ್ಗೆ ಒಂದು ಲೇಖನ ಬರೆಸಿ, ಅದೇ ಪುಟದಲ್ಲಿ ಇಂಥ ಕ್ಯಾಪ್ಸೂಲ್‌ಗಳ ಜಾಹೀರಾತು ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗ