ಪ್ರವಾಸ ಪುಟದಲ್ಲಿ ಸ್ಟ್ರೋಲರ್‌ಗೂ ಸ್ವಲ್ಪ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟವನ್ನು ನಾನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಇಷ್ಟವಾದ ಲೇಖನಗಳನ್ನು ಕತ್ತರಿಸಿ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಇದು ಜಗಳದ ಪತ್ರ ಅಲ್ಲ, ಒಂದು ಕೋರಿಕೆ. ವಿದೇಶದ ದೊಡ್ಡ ಊರುಗಳ ಬಗ್ಗೆ ಲೇಖನ ಬಂದಾಗಲೆಲ್ಲ "ಮೂರು ದಿನ, ಹದಿನೈದು ಜಾಗ" ಅನ್ನೋ ಥರದ ಪಟ್ಟಿಯೇ ಇರುತ್ತದೆ. ಇಡೀ ದಿನ ನಡೆಯಬಲ್ಲ ದೊಡ್ಡವರಿಗೆ ಅದು ಸರಿ. ಆದರೆ ಚಿಕ್ಕ ಮಕ್ಕಳನ್ನು ಸ್ಟ್ರೋಲರ್‌ನಲ್ಲಿ, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿಯಲ್ಲಿ, ಕರೆದುಕೊಂಡು ಹೋಗುವವರು ಈಗ ಎಷ್ಟೊಂದು ಜನ ಇದ್ದಾರೆ, ಅಲ್ವಾ? ಲಿಫ್ಟ್ ಎಲ್ಲಿದೆ, ಡೈಪರ್ ಬದಲಿಸೋಕೆ ಎಲ್ಲಿ ಹೋಗಬೇಕು, ಮಗು ಓಡಾಡೋಕೆ ಹುಲ್ಲು ಎಲ್ಲಿದೆ, ಮಧ್ಯಾಹ್ನ ನಿದ್ದೆಗೆ ಅತ್ತರೆ ಏನು ಮಾಡುವುದು, ಇದರ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ. ನಮಗೆ ಇದೆಲ್ಲ ಅಲ್ಲಿಗೆ ಹೋದಮೇಲೇ ಗೊತ್ತಾಯಿತು.

ಜೂನ್ ತಿಂಗಳಲ್ಲಿ ನಾವು ನಾಲ್ಕು ಜನ ಆರು ದಿನಕ್ಕೆ ಲಂಡನ್‌ಗೆ ಹೋಗಿದ್ದೆವು. ಮಗಳಿಗೆ ಐದು ವರ್ಷ, ಮಗನಿಗೆ ಇನ್ನೇನು ಎರಡು ತುಂಬುವುದರಲ್ಲಿತ್ತು. ಟ್ರಾವೆಲ್ಸ್‌ನವರೊಬ್ಬರು ಕೊಟ್ಟ ಪಟ್ಟಿ ಕೈಯಲ್ಲಿತ್ತು. ಮೊದಲ ದಿನಕ್ಕೇ ಬಕಿಂಗ್‌ಹ್ಯಾಮ್ ಅರಮನೆ, ವೆಸ್ಟ್‌ಮಿನ್‌ಸ್ಟರ್, ಲಂಡನ್ ಐ, ಟವರ್ ಬ್ರಿಜ್, ಸಂಜೆ ಥೇಮ್ಸ್ ನದಿಯಲ್ಲಿ ದೋಣಿ. ಬೆಳಿಗ್ಗೆ ಅರಮನೆ ಮುಂದೆ ಕಾವಲುಗಾರರ ಬದಲಾವಣೆ ನೋಡಲು ನಿಂತೆವು. ಚೆನ್ನಾಗಿತ್ತು. ಕೆಂಪು ಕೋಟು, ಕರಡಿ ಚರ್ಮದ ಎತ್ತರದ ಟೋಪಿ, ಬ್ಯಾಂಡು. ಆದರೆ ಅದನ್ನೆಲ್ಲ ನೋಡಿದ್ದು ನಾನು. ಮಗಳು ಕೆಳಗಿನಿಂದ ನನ್ನ ಅಂಗಿ ಎಳೆದು "ಅಮ್ಮಾ, ಎಲ್ಲಿ?" ಅಂದಳು. ಮಂಡಿಯೂರಿ ಅವಳ ಎತ್ತರಕ್ಕೆ ಕೂತು ನೋಡಿದೆ. ಕಂಡದ್ದು ಬರೀ ಬೆನ್ನುಗಳು, ಸೊಂಟಕ್ಕೆ ಕಟ್ಟಿದ ಚೀಲಗಳು, ಯಾರದೋ ಬ್ಯಾಗಿನ ಜಿಪ್ಪಿಗೆ ನೇತುಹಾಕಿದ ಒಂದು ಪುಟ್ಟ ಗೊಂಬೆ. ಅಷ್ಟು ಹೊತ್ತು ಮಗು ಆ ಗೊಂಬೆಯನ್ನೇ ನೋಡುತ್ತಾ ನಿಂತಿತ್ತು. ನನಗೆ ತುಂಬಾ ಬೇಜಾರಾಯಿತು.

ಟವರ್ ಬ್ರಿಜ್ ತಲುಪುವ ಹೊತ್ತಿಗೆ ಮಗ ಅತ್ತು ಅತ್ತು ಕೆಂಪಾಗಿದ್ದ, ಮಗಳು ಒಂದು ಹೆಜ್ಜೆಯೂ ಇಡುವುದಿಲ್ಲ ಅಂತ ಕೂತುಬಿಟ್ಟಿದ್ದಳು, ನಾನೂ ಯಜಮಾನರೂ ಸೇತುವೆ ಮೇಲೆ ನಿಂತು ಒಬ್ಬರ ಮೇಲೊಬ್ಬರು ರೇಗುತ್ತಿದ್ದೆವು. ದೋಣಿ ಬಿಟ್ಟೆವು. ರಾತ್ರಿಯೂ ನೆಮ್ಮದಿ ಇರಲಿಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಬೆಳಗಾಗುವುದು ಐದಕ್ಕೂ ಮೊದಲು. ಹೊರಗೆ ಬೆಳಕಿರುವಾಗ ಮಕ್ಕಳನ್ನು ಮಲಗಿಸುವುದು ಹೇಗೆ? ಪಶ್ಚಿಮಕ್ಕೆ ಪ್ರಯಾಣ ಮಾಡಿದಾಗ ದೇಹದ ಗಡಿಯಾರ ಮುಂದೆ ಇರುವುದರಿಂದ ನಸುಕಿನಲ್ಲೇ ಎಚ್ಚರವಾಗುತ್ತದೆ. ನಮ್ಮ ಇಬ್ಬರು ಮಕ್ಕಳೂ ಮೂರೂವರೆಗೆ ಎದ್ದು ಹಾಸಿಗೆ ಮೇಲೆ ಕುಣಿಯುತ್ತಿದ್ದರು. ಹೋಟೆಲ್ ಬುಕ್ ಮಾಡುವಾಗ ದಪ್ಪ ಪರದೆ ಇದೆಯಾ ಅಂತ ಕೇಳಿ ಅಂತ ಯಾರಾದರೂ ಬರೆದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು.

ಎರಡನೇ ದಿನ ಆ ಪಟ್ಟಿಯನ್ನು ಸೂಟ್‌ಕೇಸಿನ ತಳಕ್ಕೆ ಹಾಕಿದೆವು. ಅರಮನೆಯ ಪಕ್ಕದಲ್ಲೇ ಸೇಂಟ್ ಜೇಮ್ಸ್ ಪಾರ್ಕ್ ಇದೆ. ಹಿಂದಿನ ದಿನ ಅದರ ಅಂಚಿನಲ್ಲೇ ಓಡಿದ್ದೆವು, ಒಳಗೆ ತಿರುಗಿಯೂ ನೋಡಿರಲಿಲ್ಲ. ಅಲ್ಲಿನ ಕೆರೆಯಲ್ಲಿ ಪೆಲಿಕನ್ ಹಕ್ಕಿಗಳಿವೆ. 1664ರಲ್ಲಿ ರಷ್ಯಾದ ರಾಯಭಾರಿ ರಾಜನಿಗೆ ಕಾಣಿಕೆಯಾಗಿ ಕೊಟ್ಟ ಹಕ್ಕಿಗಳಿಂದ ಶುರುವಾದ ಪದ್ಧತಿ ಅದು. ಮಧ್ಯಾಹ್ನ ಸಿಬ್ಬಂದಿ ಬಕೆಟ್‌ನಲ್ಲಿ ಮೀನು ತಂದು ಹಾಕುತ್ತಾರೆ. ಒಂದು ಹಕ್ಕಿ ದಡಕ್ಕೆ ಬಂದು, ಕೊಕ್ಕಿನ ಕೆಳಗಿನ ಚೀಲ ಹಿಗ್ಗಿಸಿ ಬಾಯಿ ಅಗಲಿಸಿತು. ಸ್ಟ್ರೋಲರ್‌ನಲ್ಲಿ ಕೂತಿದ್ದ ಮಗನೂ ಅಷ್ಟೇ ಅಗಲ ಬಾಯಿ ತೆರೆದ. ಅದು ಮುಚ್ಚಿದಾಗ ಇವನೂ ಮುಚ್ಚಿದ. ಹಾಗೆ ಎಷ್ಟು ಹೊತ್ತು ನಡೆಯಿತೋ. ಟಿಕೆಟ್ ಇಲ್ಲ, ಕ್ಯೂ ಇಲ್ಲ, ಹಕ್ಕಿ ಅವನ ಕಣ್ಣಿನ ಮಟ್ಟದಲ್ಲೇ ಇತ್ತು.

ಅವತ್ತಿನಿಂದ ದಿನಕ್ಕೆ ಒಂದೇ ಜಾಗ ಅಂತ ಮಾಡಿಕೊಂಡೆವು. ಅದನ್ನು ಬೆಳಿಗ್ಗೆಯೇ ನೋಡುವುದು, ಮಧ್ಯಾಹ್ನ ರೂಮಿಗೆ ಬಂದು ಮಲಗುವುದು, ಸಂಜೆ ಯಾವುದಾದರೂ ಪಾರ್ಕ್. ಇದಕ್ಕೆ ಹೋಟೆಲ್ ಊರ ಮಧ್ಯದಲ್ಲಿರಬೇಕು. ದೂರದಲ್ಲಿ ಅಗ್ಗಕ್ಕೆ ದೊಡ್ಡ ರೂಮು ಸಿಕ್ಕರೂ ಮಧ್ಯಾಹ್ನ ವಾಪಸ್ ಬರಲು ಆಗದಿದ್ದರೆ ಉಪಯೋಗ ಇಲ್ಲ.

ಇನ್ನು ಓಡಾಟದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಮಗೆ ಜಾಸ್ತಿ ಕಷ್ಟವಾಗಿದ್ದು ಇಲ್ಲೇ. ಲಂಡನ್ನಿನ ಸುರಂಗ ರೈಲು ಶುರುವಾಗಿದ್ದು 1863ರಲ್ಲಿ. ಆಗ ಲಿಫ್ಟ್ ಯೋಚನೆ ಯಾರಿಗಿತ್ತು? ಈಗಿರುವ 272 ನಿಲ್ದಾಣಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಮೆಟ್ಟಿಲಿಲ್ಲದೆ ಹೋಗಬಹುದಾದಂಥವು. ಮೊದಲ ದಿನ ನಾವು ಸ್ಟ್ರೋಲರ್ ಎತ್ತಿಕೊಂಡು ಹತ್ತಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಯಾರೂ ಕೇಳದೆ ಹೋದದ್ದಿಲ್ಲ, ಪ್ರತಿ ಸಲ ಯಾರಾದರೂ ಒಬ್ಬರು ಇನ್ನೊಂದು ತುದಿ ಹಿಡಿದುಕೊಂಡರು. ಆದರೂ ಕಷ್ಟ ಕಷ್ಟವೇ. ಆಮೇಲೆ ಗೊತ್ತಾಯಿತು, ರೈಲಿನ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ಇರುತ್ತದೆ. ನೀಲಿ ಗುರುತು ಇದ್ದರೆ ರಸ್ತೆಯಿಂದ ರೈಲಿನೊಳಗಿನ ತನಕ ಮೆಟ್ಟಿಲಿಲ್ಲ. ಬಿಳಿ ಗುರುತು ಇದ್ದರೆ ಪ್ಲಾಟ್‌ಫಾರ್ಮ್ ತನಕ ಮೆಟ್ಟಿಲಿಲ್ಲ, ರೈಲು ಹತ್ತುವಾಗ ಎತ್ತಬೇಕಾಗಬಹುದು. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್‌ನ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿ ಇದೆ, ಅದು ಹೀಥ್ರೂ ವಿಮಾನ ನಿಲ್ದಾಣಕ್ಕೂ ಹೋಗುತ್ತದೆ. ಕೆಂಪು ಬಸ್ಸುಗಳು ಇನ್ನೂ ಸುಲಭ, ನೆಲ ತಗ್ಗಾಗಿರುತ್ತದೆ. ಗಾಲಿಕುರ್ಚಿಯವರು ಬಂದರೆ ಮಾತ್ರ ಸ್ಟ್ರೋಲರ್ ಮಡಚಿ ಜಾಗ ಬಿಡಬೇಕು. ಅದು ನ್ಯಾಯವೇ. ಅದಕ್ಕೇ ಒಂದೇ ಕೈಯಲ್ಲಿ ಮಡಚಬಹುದಾದ ಹಗುರದ ಸ್ಟ್ರೋಲರ್ ತೆಗೆದುಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಇದ್ದರೆ ಆ ಸುರಂಗ ರೈಲಿನಲ್ಲಿ ಟಿಕೆಟ್ ಇಲ್ಲ. ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳ ತನಕ ಹೋಗಬಹುದು. ಪ್ಯಾರಿಸ್‌ನಲ್ಲಿ ಉಚಿತ ಇರುವುದು ನಾಲ್ಕು ವರ್ಷದೊಳಗಿನವರಿಗೆ, ಸಿಂಗಪುರದಲ್ಲಿ ಏಳರೊಳಗೆ. ಪ್ಯಾರಿಸ್‌ನ ಮೆಟ್ರೊದಲ್ಲಂತೂ ಮೆಟ್ಟಿಲು ಇನ್ನೂ ಜಾಸ್ತಿ. ಊರಿಂದ ಊರಿಗೆ ಹೀಗೆ ಬದಲಾಗುತ್ತದೆ, ಅದಕ್ಕೇ ಆಯಾ ಊರಿನ ಲೇಖನದಲ್ಲೇ ಇದು ಬರಬೇಕು ಅನ್ನುವುದು.

ಮಗಳಿಗೆ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಏನು ಗೊತ್ತಾ? ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ. 1987ರಿಂದ ಓಡುತ್ತಿರುವ ಈ ರೈಲಿಗೆ ಮುಂದೆ ಚಾಲಕನ ಕೋಣೆಯೇ ಇಲ್ಲ, ಕಂಪ್ಯೂಟರ್ ನಡೆಸುತ್ತದೆ. ಹಾಗಾಗಿ ಮುಂದಿನ ಕಿಟಕಿಯ ಪಕ್ಕದ ಸೀಟು ಯಾರಿಗಾದರೂ ಸಿಗುತ್ತದೆ. ಬ್ಯಾಂಕ್ ನಿಲ್ದಾಣದಲ್ಲಿ ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಕಾದು ಆ ಸೀಟು ಹಿಡಿದೆವು. ಕತ್ತಲ ಸುರಂಗದಿಂದ ರೈಲು ಮೇಲೆ ಬೆಳಕಿಗೆ ಬಂದಾಗ ಅವಳು ಎರಡೂ ಕೈ ಗಾಜಿಗೆ ಒತ್ತಿಕೊಂಡು "ನಾನು ಓಡಿಸ್ತಿದೀನಿ, ಸುಮ್ನಿರಿ" ಅಂದಳು. ಮುಂದಿನ ಹಳಿ ಎಡಕ್ಕೆ ತಿರುಗಿದರೆ ಇವಳೂ ಎಡಕ್ಕೆ ವಾಲುವಳು. ಐಲ್ಯಾಂಡ್ ಗಾರ್ಡನ್ಸ್‌ನಲ್ಲಿ ಇಳಿದು, ಥೇಮ್ಸ್ ನದಿಯ ಅಡಿಯಲ್ಲಿ 1902ರಲ್ಲಿ ಮಾಡಿದ ಕಾಲ್ನಡಿಗೆಯ ಸುರಂಗದಲ್ಲಿ ಗ್ರೀನಿಚ್‌ಗೆ ನಡೆದೆವು. ನಮ್ಮ ತಲೆ ಮೇಲೆ ನದಿ ಇದೆ ಅಂದಾಗ ಅವಳು ಮೇಲೆ ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಸುರಂಗದ ತುದಿ ತನಕ ತಮ್ಮನ ಹೆಸರು ಕೂಗಿ ಕೂಗಿ ಪ್ರತಿಧ್ವನಿ ಕೇಳಿದಳು. ಅವತ್ತಿನ ಒಂದು ಜಾಗ ಅಂದರೆ ಅದೇ.

ಮ್ಯೂಸಿಯಂಗಳ ಬಗ್ಗೆ ಒಂದು ಮಾತು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ, ಮೂರಕ್ಕೂ ಪ್ರವೇಶ ಉಚಿತ. ಮಕ್ಕಳಿದ್ದವರಿಗೆ ಇದು ದೊಡ್ಡ ಅನುಕೂಲ, ದುಡ್ಡಿನ ದೃಷ್ಟಿಯಿಂದ ಮಾತ್ರ ಅಲ್ಲ. ದುಬಾರಿ ಟಿಕೆಟ್ ತೆಗೆದುಕೊಂಡಿದ್ದರೆ ಪೂರ್ತಿ ನೋಡಬೇಕು ಅಂತ ಮಕ್ಕಳನ್ನು ಎಳೆದುಕೊಂಡು ಸುತ್ತುತ್ತೇವೆ. ಉಚಿತವಾದರೆ ಮುಕ್ಕಾಲು ಗಂಟೆಗೆ ಹೊರಗೆ ಬಂದರೂ ಮನಸ್ಸಿಗೆ ಏನೂ ಅನಿಸುವುದಿಲ್ಲ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ದೊಡ್ಡ ಹಜಾರದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುಹಾಕಿದ್ದಾರೆ. ನಾವು ನೆಲದ ಮೇಲೆ ಕೂತು ಅದೊಂದನ್ನೇ ನೋಡಿದೆವು. ಬಾಲ ಎಲ್ಲಿ, ಬಾಯಿ ಎಲ್ಲಿ, ಕಣ್ಣು ಎಲ್ಲಿತ್ತು. ಡೈನೋಸಾರ್ ವಿಭಾಗದಲ್ಲಿ ಗರ್ಜಿಸುವ ಯಂತ್ರದ ಟಿ ರೆಕ್ಸ್ ಇದೆ. ಮಗ ಹೆದರಿ ನನ್ನ ಕುತ್ತಿಗೆ ಬಿಗಿಹಿಡಿದ, ಕೂಡಲೇ ಹೊರಗೆ ಬಂದೆವು. ಎರಡು ವರ್ಷದ ಮಕ್ಕಳಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ವಿಮಾನದ ಬಗ್ಗೆ ಸ್ವಲ್ಪ. ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಆದರೆ ಪ್ರವಾಸದ ನಡುವೆ ಎರಡು ತುಂಬಿದರೆ ಸಾಮಾನ್ಯವಾಗಿ ವಾಪಸ್ ಬರುವಾಗ ಬೇರೆ ಸೀಟು ತೆಗೆದುಕೊಳ್ಳಬೇಕು, ನಮ್ಮ ಮಗನಿಗೆ ಹಾಗೇ ಆಯಿತು. ಮಗುವಿನ ಹಾಲಿಗೆ 100 ಮಿಲಿಲೀಟರ್ ಮಿತಿ ಇಲ್ಲ, ತಪಾಸಣೆಯಲ್ಲಿ ತೆಗೆದು ತೋರಿಸಿದರೆ ಸಾಕು. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿ ನೋಯುತ್ತದೆ, ಆಗ ಮಗು ಏನಾದರೂ ನುಂಗುತ್ತಿರಬೇಕು. ಮಲಗಿದ್ದರೂ ಎಬ್ಬಿಸಿ ಹಾಲು ಕುಡಿಸುವುದು ಒಳ್ಳೆಯದು. ಎಳೆಗೂಸಿಗೂ ಬೇರೆಯೇ ಪಾಸ್‌ಪೋರ್ಟ್, ಬೇರೆಯೇ ವೀಸಾ ಬೇಕು ಅನ್ನುವುದು ಎಷ್ಟೋ ಜನರಿಗೆ ಕೊನೆಗಳಿಗೆಯಲ್ಲಿ ಗೊತ್ತಾಗುತ್ತದೆ.

"ಅಷ್ಟು ಚಿಕ್ಕ ಮಕ್ಕಳಿಗೆ ಏನು ನೆನಪಿರುತ್ತೆ, ಸುಮ್ನೆ ದುಡ್ಡು ದಂಡ" ಅಂತ ನಮಗೆ ಬಹಳ ಜನ ಹೇಳಿದ್ದರು. ನನಗೆ ಈ ಮಾತು ಒಪ್ಪಿಗೆ ಇಲ್ಲ. ಮಗ ದೊಡ್ಡವನಾದ ಮೇಲೆ ಅವನಿಗೆ ಪೆಲಿಕನ್ ನೆನಪಿರಲಿಕ್ಕಿಲ್ಲ. ಆದರೆ ಆ ಆರು ದಿನ ಅಪ್ಪ ಅಮ್ಮ ಇಬ್ಬರೂ ಇಡೀ ಹೊತ್ತು ಅವನ ಜೊತೆಗಿದ್ದೆವು. ಮಗಳು ಈಗಲೂ ಬಾಗಿಲು ದಾಟುವಾಗಲೆಲ್ಲ ಗಂಭೀರವಾಗಿ "ಮೈಂಡ್ ದ ಗ್ಯಾಪ್" ಅಂತ ತಮ್ಮನಿಗೆ ಹೇಳಿ ಕೈ ಹಿಡಿದು ದಾಟಿಸುತ್ತಾಳೆ. ರೈಲಿಗೂ ಪ್ಲಾಟ್‌ಫಾರ್ಮ್‌ಗೂ ನಡುವಿನ ಸಂದು ನೋಡಿಕೊಳ್ಳಿ ಅಂತ ಅಲ್ಲಿನ ಸುರಂಗ ರೈಲಿನಲ್ಲಿ 1968ರಿಂದ ಕೇಳಿಸುತ್ತಿರುವ ಎಚ್ಚರಿಕೆ ಅದು. ನನಗೆ ಇಷ್ಟು ಸಾಕು.

ಹಾಗಾಗಿ ಸಂಪಾದಕರೇ, ಮುಂದೆ ಯಾವ ಊರಿನ ಬಗ್ಗೆ ಲೇಖನ ಹಾಕಿದರೂ ಕೊನೆಯಲ್ಲಿ ಒಂದು ಸಣ್ಣ ಬಾಕ್ಸ್ ಕೊಡಿ. ಯಾವ ರೈಲು ಮಾರ್ಗದಲ್ಲಿ ಲಿಫ್ಟ್ ಇದೆ, ಎಷ್ಟು ವಯಸ್ಸಿನ ತನಕ ಮಕ್ಕಳಿಗೆ ಟಿಕೆಟ್ ಇಲ್ಲ, ಶೌಚಾಲಯ ಎಲ್ಲಿ ಸಿಗುತ್ತದೆ, ಊರ ಮಧ್ಯದಲ್ಲಿ ಮಕ್ಕಳು ಆಡುವ ಪಾರ್ಕ್ ಯಾವುದು. ಬರೆಯುವವರು ಆ ಜಾಗದಲ್ಲಿ ಒಂದು ಸಲ ಮಂಡಿಯೂರಿ ಕೂತು, ಅಲ್ಲಿಂದ ಏನು ಕಾಣುತ್ತದೆ ಅಂತಲೂ ಬರೆಯಲಿ. ಲಂಡನ್‌ಗೆ ಬೇಕಾದರೆ ಆ ಬಾಕ್ಸ್ ನಾನೇ ಬರೆದು ಕಳಿಸುತ್ತೇನೆ.

ಇತಿ,
ಇಬ್ಬರು ಚಿಕ್ಕ ಮಕ್ಕಳ ತಾಯಿ, ನಿಮ್ಮ ಬಹುಕಾಲದ ಓದುಗರು